ಜೋಳದ ದಂಟಿನಲ್ಲಿ ಕಟ್ಟಿದ ಗಾಳದ ಕೋಲು

ನಿಮ್ಮ ಅಜ್ಜ ಮೀನು ತಿಂದವರಲ್ಲ. ನಮ್ಮ ಮನೆತನದಲ್ಲಿ ಯಾರೂ ತಿಂದವರಲ್ಲ. ಆದರೆ ಅವರು ಮೀನು ಹಿಡಿಯುತ್ತಿದ್ದರು. ಇಷ್ಟು ವರ್ಷ ಇದನ್ನು ನಿಮ್ಮ ಮುಂದೆ ಹೇಳಲಿಲ್ಲ, ಯಾಕೆಂದರೆ ಇದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆ. ನಿಮ್ಮ ಅಪ್ಪನಿಗೆ ಒಬ್ಬ ಅಣ್ಣನಿದ್ದ. ನಿಮ್ಮ ಅಪ್ಪ ಹುಟ್ಟುವುದಕ್ಕೂ ಮುಂಚೆ, ಐದು ತುಂಬುವ ಮೊದಲೇ ಹೋದ. ಅವನ ವಿಷಯ ನನ್ನ ಬಾಯಿಂದ ಬರುವುದಿಲ್ಲ. ನನ್ನ ತವರೂರು ಸುಳ್ಳದ ಸಾಲೆಯಲ್ಲಿ ಕಲಿತ ನಾಲ್ಕಕ್ಷರ ಇವೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸುಳ್ಳದಿಂದ ಹುಬ್ಬಳ್ಳಿಯ ಕಮರಿಪೇಟೆಗೆ ಸೊಸೆಯಾಗಿ ಬಂದಾಗ ಅಜ್ಜ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಮೇಲಿನ ಫೋರ್‌ಮನ್ ಒಬ್ಬ ಆಂಗ್ಲೋ ಇಂಡಿಯನ್ ಸಾಹೇಬರು. ಆ ಸಾಹೇಬರಿಗೆ ರಜೆ ಬಂತೆಂದರೆ ಗಾಳದ ಕೋಲು ಹೊತ್ತು ಕಾಡಿನ ಹೊಳೆಗಳಿಗೆ ಹೋಗುವ ಹುಚ್ಚು. ಒಂದು ಸಲ ಕೋಲಿನ ತುಂಡುಗಳನ್ನು ಸೇರಿಸುವ ಹಿತ್ತಾಳೆಯ ಕೊಳವೆ ಒಡೆದಾಗ ಅದನ್ನು ಅಜ್ಜ ಮಾಡಿಕೊಟ್ಟಿದ್ದರಂತೆ. ಅಂದಿನಿಂದ ಸಾಹೇಬರು ಅವರನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಸಾಹೇಬರು ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ ಬೇರೆ ದೇಶಕ್ಕೆ ಹೊರಟಾಗ ಕೋಲನ್ನು ಅಜ್ಜನ ಕೈಗೆ ಕೊಟ್ಟು ಹೋದರು.

ಅದು ಕೆರೆದಂಡೆಯಲ್ಲಿ ಹುಡುಗರು ಹಿಡಿದು ಕೂರುವಂಥ ಕೋಲಲ್ಲ. ಬಿದಿರನ್ನು ಸಣ್ಣಗೆ ಸೀಳಿ, ಸೀಳುಗಳನ್ನು ಅಂಟಿಸಿ, ರೇಷ್ಮೆ ದಾರ ಸುತ್ತಿ ಮಾಡಿದ್ದು. ಮೂರು ತುಂಡು, ಒಂದೊಂದೂ ನನ್ನ ಸೊಂಟದೆತ್ತರ. ಒಂದರೊಳಗೊಂದು ಸೇರಿಸಿದರೆ ಮನೆಯ ತೊಲೆ ಮುಟ್ಟುವಷ್ಟು ಉದ್ದ, ಆದರೆ ತುದಿಯ ತುಂಡು ಹಂಚಿಕಡ್ಡಿಯಷ್ಟು ಸಣ್ಣ. ಗಾಳಕ್ಕೆ ಎರೆಹುಳು ಸಿಗಿಸುವುದಿಲ್ಲ. ನವಿಲುಗರಿಯ ಎಳೆಯನ್ನು ಕೊಕ್ಕೆಗೆ ಸುತ್ತಿ ನೊಣದ ಹಾಗೆ ಮಾಡುತ್ತಿದ್ದರು. ಕೋಲನ್ನು ಹಿಂದೆ ಮುಂದೆ ಬೀಸಿದರೆ ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗಿ, ಆ ನೊಣ ದೂರದ ನೀರಿನ ಮೇಲೆ ಸಪ್ಪಳವಿಲ್ಲದೆ ಕೂರುತ್ತಿತ್ತು. ಕೊಕ್ಕೆಯ ಮುಳ್ಳನ್ನು ಅಜ್ಜ ಅರದಿಂದ ಉಜ್ಜಿ ತೆಗೆದಿದ್ದರು. ಬಿದ್ದ ಮೀನನ್ನು ಬಿಡಿಸಿ ನೀರಿಗೇ ಬಿಡುತ್ತಿದ್ದರು.

ನಮ್ಮ ಅತ್ತೆಯವರಿಗೆ ಇದು ಸಹಿಸಲಾಗಲಿಲ್ಲ. ಕೋಲು ಮನೆಗೆ ಬಂದ ದಿನವೇ ಬಾಗಿಲಿಗೆ ಅಡ್ಡ ನಿಂತರು.

"ಲಿಂಗಾ ಕಟ್ಟಿಕೊಂಡ ಮಂದಿ ನಾವು. ಮೀನ ಕೊಲ್ಲೋ ಕೋಲು ಈ ಹೊಚ್ಚಲಾ ಒಳಗ ದಾಟಿದ್ರ, ನಾ ಹೊರಗ ದಾಟತೇನಿ ನೋಡ."

"ಕೊಲ್ಲೂದಿಲ್ಲವ್ವಾ. ಹಿಡದ ಬಿಡತೇನಿ."

"ಹಿಡದ ಬಿಡತೀ? ಹಂಗಾರ ನಿನಗ ಹುಚ್ಚ ಹಿಡದೈತಿ. ಕೊಲ್ಲೂದ ಪಾಡ ಇತ್ತು, ಅದಕ್ಕ ಅರ್ಥರೆ ಇರತಿತ್ತು!"

ಕೊನೆಗೆ ಕೋಲು ಹಿತ್ತಲಿನ ಕಟ್ಟಿಗೆ ಮನೆಯ ಗೂಟಕ್ಕೆ ಹೋಯಿತು. ರವಿವಾರ ಬಂತೆಂದರೆ ಅಜ್ಜ ಅದನ್ನು ಹಿಡಿದು, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಉಣಕಲ್ ಕೆರೆಗೆ ಹೋಗುತ್ತಿದ್ದರು. ನಾನೂ ಎರಡು ಮೂರು ಸಲ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಮೀನನ್ನು ಬಿಟ್ಟ ಕೂಡಲೇ ಹುಡುಗ ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನೋಡುತ್ತಿದ್ದ. ಅದು ಬಾಲ ಬಡಿದು ಮರೆಯಾದರೆ, "ಅಪ್ಪಾ, ಮನೀಗೆ ಹೋತು!" ಎಂದು ಚಪ್ಪಾಳೆ ತಟ್ಟುತ್ತಿದ್ದ.

ಆ ಮಳೆಗಾಲ ಅವನಿಗೆ ವಿಷಮಜ್ವರ ಬಂತು. ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿದರು. ಉಳಿಯಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ನಮ್ಮಲ್ಲಿ ಸತ್ತವರನ್ನು ಕುಣಿಯ ಗೂಡಿನಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಆಗ ಹೆಂಗಸರು ಸಮಾಧಿಯವರೆಗೆ ಹೋಗುತ್ತಿರಲಿಲ್ಲ. ಅಂಗಳದಿಂದ ಎತ್ತಿಕೊಂಡು ಹೋದದ್ದಷ್ಟೇ ನಾನು ಕಂಡದ್ದು. ಮಣ್ಣು ಕೊಟ್ಟು ಬಂದ ಅಜ್ಜ ಮಾತು ನಿಲ್ಲಿಸಿಬಿಟ್ಟರು. ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು, ತಾಟಿನ ಮುಂದೆ ಕೂತು ಅರ್ಧ ರೊಟ್ಟಿ ಮುರಿದು ಏಳುತ್ತಿದ್ದರು. ಹುಡುಗನ ಹೆಸರು ಅವರ ಬಾಯಿಂದ ಹೊರಡಲಿಲ್ಲ. ನನಗೆ ಅವರಿಂದ ಒಂದೇ ಒಂದು ತಿಳಿಯಬೇಕಿತ್ತು. ನನ್ನ ಮಗನನ್ನು ಎಲ್ಲಿ ಕೂರಿಸಿದಿರಿ, ಹೇಗೆ ಕೂರಿಸಿದಿರಿ, ಅಲ್ಲಿ ಮರ ಇದೆಯೇ, ಮಣ್ಣು ಹೇಗಿತ್ತು. ಕೇಳಬೇಕೆಂದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರ ಮುಖ ನೋಡಿ ತಿರುಗಿ ಒಲೆಯ ಮುಂದೆ ಹೋಗಿ ಕೂರುತ್ತಿದ್ದೆ.

ಸಂಜೆ ಮಾತ್ರ ಅವರು ಕಟ್ಟಿಗೆ ಮನೆಗೆ ಹೋಗಿ ಕೋಲಿನ ಮೂರೂ ತುಂಡುಗಳನ್ನು ಒರೆಸಿ ಮತ್ತೆ ಗೂಟಕ್ಕೆ ಹಾಕುತ್ತಿದ್ದರು. ಕೆರೆಗೆ ಹೋಗಲಿಲ್ಲ, ಒರೆಸುವುದು ಬಿಡಲಿಲ್ಲ. ನಾನು ಅದನ್ನೇ ಹಿಡಿದುಕೊಂಡಿದ್ದೆ. ಕೋಲು ನೆಟ್ಟಗಿರುವವರೆಗೆ ಇವರು ಎಂದಾದರೂ ಒಂದು ದಿನ ಹೊಳೆಯ ದಂಡೆಗೆ ಹೋಗುತ್ತಾರೆ, ಅಲ್ಲಿ ಬಾಯಿ ಬಿಡುತ್ತಾರೆ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಸುಳ್ಳದಿಂದ ನನ್ನ ದೊಡ್ಡವ್ವ ಬಂದಳು. ದೊಡ್ಡವ್ವ ನನ್ನ ತಾಯಿಯ ಅಕ್ಕ. ತಾಯಿ ತೀರಿದ ಮೇಲೆ ನನ್ನನ್ನು ಸಾಕಿದವಳು. ಪ್ರತಿ ವರ್ಷ ಊರವರ ಎತ್ತಿನ ಚಕ್ಕಡಿಗಳ ಜೊತೆ ಕಾಡು ದಾಟಿ ಉಳವಿಯ ಶರಣರ ಜಾತ್ರೆಗೆ ನಡೆದು ಹೋಗುತ್ತಿದ್ದಳು.

"ಈ ಸಲ ಇಬ್ರೂ ಬರ್ರಿ. ನಡದ್ರ ಮನಸ್ಸ ಹಗುರಾಗತೈತಿ," ಎಂದಳು.

ಅಜ್ಜ ಗೋಡೆ ನೋಡುತ್ತಾ ಕೂತಿದ್ದರು. ಅತ್ತೆಯವರು, "ಹೂಂ ಅನ್ನಪಾ, ಬಾಯಾಗ ನಾಲಿಗಿ ಇಲ್ಲೇನು?" ಎಂದು ಗದರಿದರು. ಅಜ್ಜ ನನ್ನ ಕಡೆ ತಿರುಗಿದರು.

"ದಾರಿಗೆ ಕಾಳಿ ಹೊಳಿ ಬರತೈತೆಲ್ಲ?"

"ಬರತೈತ್ರಿ."

"ಕೋಲು ತೊಗೊಂಡ ಬರತೇನಿ."

ದೊಡ್ಡವ್ವನಿಗೆ ಯಾವ ಕೋಲು ಎಂದು ತಿಳಿಯಲಿಲ್ಲ, ಕೇಳಲೂ ಇಲ್ಲ. ಅತ್ತೆಯವರಿಗೆ ತಿಳಿಯಿತು. ಆ ಒಂದು ಸಲ ಅವರು ಬಾಗಿಲಿಗೆ ಅಡ್ಡ ನಿಲ್ಲದೆ ಎದ್ದು ಒಳಗೆ ಹೋದರು.

ಇನ್ನು ಅದನ್ನು ಅಷ್ಟು ದೂರ ಕಾಪಾಡಿಕೊಂಡು ಹೋಗುವುದು ಹೇಗೆ? ಸಾಹೇಬರು ಹೇಳಿಕೊಟ್ಟದ್ದನ್ನು ಅಜ್ಜ ನನಗೂ ಎಂದೋ ಹೇಳಿದ್ದರು. ನೀರು ಒಳಗೆ ಸೇರಬಾರದು, ಅಂಟು ಬಿಡುತ್ತದೆ. ಬಿಸಿಲಿಗೆ ಕಾಯಬಾರದು, ಆಗಲೂ ಅಂಟು ಬಿಡುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿದರೆ ಬಾಗುತ್ತದೆ, ಮೇಲೆ ಭಾರ ಬಿದ್ದರೆ ಮುರಿಯುತ್ತದೆ. ಅಜ್ಜ ಮೊದಲು ತಗಡಿನ ಕೊಳವೆಯ ವಿಚಾರ ಮಾಡಿದರು. ಬಿಸಿಲಲ್ಲಿ ಅದು ಒಲೆಯ ಹಾಗೆ ಕಾಯುತ್ತದೆಂದು ಬಿಟ್ಟರು. ದಪ್ಪ ಬಿದಿರು ತಂದು ಒಳಗಿನ ಗಂಟುಗಳನ್ನು ಕಾಸಿದ ಸಲಾಕೆಯಿಂದ ಒಡೆದು ನೋಡಿದರು. ದಿನವಿಡೀ ಹೊರಲಾಗದಷ್ಟು ಭಾರವಾಯಿತು, ಸೀಳೂ ಬಿಟ್ಟಿತು. ಅದನ್ನು ಕೈಯಲ್ಲಿ ಹಿಡಿದು ತಿರುವಿ ನೋಡುತ್ತಾ ಕೂತಿದ್ದರು.

ನಮ್ಮೂರಲ್ಲಿ ಪೇಟೆಯಿಂದ ಬಳೆ, ಗಾಜಿನ ಚಿಮಣಿ ತರುವಾಗ ಒಣ ಜೋಳದ ದಂಟಿನ ನಡುವೆ ಇಟ್ಟು ಕಟ್ಟುತ್ತಿದ್ದರು. ದಂಟು ಹಗುರ, ನೆಟ್ಟಗೆ ನಿಲ್ಲುತ್ತದೆ, ಪೆಟ್ಟು ಬಿದ್ದರೆ ತಾನು ಒಳಗೆ ಹೋಗಿ ಒಳಗಿನದನ್ನು ಉಳಿಸುತ್ತದೆ. ನಾನು ಬಾಗಿಲ ಸಂದಿಯಲ್ಲಿ ನಿಂತು ಮೆಲ್ಲಗೆ, "ದಂಟಿನ್ಯಾಗ ಕಟ್ಟಿದ್ರ ಹೆಂಗರಿ?" ಎಂದೆ.

ಅವರು ತಲೆ ಎತ್ತಿದರು. "ಕಟ್ಟಿ ನೋಡು," ಎಂದರು. ತಿಂಗಳುಗಳ ಮೇಲೆ ನನ್ನ ಮಾತಿಗೆ ಬಂದ ಉತ್ತರ ಅದು.

ಹಳೆಯ ಧೋತರದಲ್ಲಿ ಮೂರು ಒಳಚೀಲ ಹೊಲಿದೆ, ಒಂದು ತುಂಡಿಗೆ ಒಂದು, ದಾರ ಹಾಯುವ ಉಂಗುರಗಳು ಒಂದಕ್ಕೊಂದು ತಾಗದಂತೆ. ಸುತ್ತಲೂ ಒಣ ಗರಿಯ ರವದೆ ಬಿಡಿಸಿದ ದಂಟುಗಳನ್ನು ಜೋಡಿಸಿ ಬಿಗಿದೆ. ಮೇಲೆ ಹೊದಿಸಲು ಗಟ್ಟಿ ಬಟ್ಟೆ ಬೇಕಿತ್ತು. ನನ್ನ ಮದುವೆಯ ಇಳಕಲ್ಲ ಸೀರೆಯ ಒಡಲು ಹರಿದಿತ್ತು, ಕೆಂಪು ರೇಷ್ಮೆ ಸೆರಗು ಗಟ್ಟಿಯಾಗಿತ್ತು. ಅದನ್ನು ಕತ್ತರಿಸಿ ಗವಸು ಮಾಡಿದೆ. ಬೆನ್ನಿಗೆ ಹಾಕಿಕೊಳ್ಳಲು ನೂಲಿನ ಪಟ್ಟಿ ಹಚ್ಚಿದೆ. ಅಜ್ಜ ಎತ್ತಿ ನೋಡಿ, ಹೆಗಲಿಗೆ ಹಾಕಿ, ಹಿತ್ತಲಲ್ಲಿ ಎರಡು ಸುತ್ತು ನಡೆದರು. ಹೆಗಲಿಂದ ತೆಗೆದಿಡಲಿಲ್ಲ.

ಸುಳ್ಳದ ಚಕ್ಕಡಿಗಳು ಬಂದವು. ಗಂಟುಗಳೆಲ್ಲ ಚಕ್ಕಡಿಯಲ್ಲಿ, ಕೋಲು ಮಾತ್ರ ಅಜ್ಜನ ಬೆನ್ನಲ್ಲಿ. ಧಾರವಾಡ ದಾಟುವುದರೊಳಗೆ ನಮ್ಮ ಜಾಣತನದ ತೊಂದರೆ ಗೊತ್ತಾಯಿತು. ಎತ್ತುಗಳಿಗೆ ದಂಟಿನ ವಾಸನೆ ಹತ್ತಿತ್ತು. ಅಜ್ಜ ಚಕ್ಕಡಿಯ ಮುಂದೆ ನಡೆದರೆ ಹಿಂದಿನ ಎತ್ತು ಕುತ್ತಿಗೆ ಚಾಚಿ ನಾಲಿಗೆ ಹಾಕುತ್ತಿತ್ತು. ಚಕ್ಕಡಿ ಹೊಡೆಯುವ ಮುದುಕಪ್ಪನಿಗೆ ನಗು.

"ಏನ್ರಿ ಅಳಿಯಾನವರ, ಎತ್ತಿನ ಮೇವು ನೀವ ಹೊತ್ತೀರಿ? ಎತ್ತ ಖಾಲಿ, ಅಳಿಯಾಗ ಹೇರು! ಸುಳ್ಳದ ಹೆಣ್ಣ ಮಾಡಿಕೊಂಡವರ ಗತಿನ ಇದು ನೋಡ್ರಿ!"

ಎಲ್ಲರೂ ನಕ್ಕರು. ಅಜ್ಜ ನಗಲಿಲ್ಲ, ಹಿಂದೆ ಸರಿದು ಎಲ್ಲ ಚಕ್ಕಡಿಗಳ ಕೊನೆಗೆ ನಡೆದರು.

ಬಿಡಾರ ಬಿಟ್ಟಲ್ಲೆಲ್ಲ ಎತ್ತಿಗೆ ಎಟುಕಬಾರದೆಂದು ಅದನ್ನು ಮರದ ಕೊಂಬೆಗೆ ತೂಗು ಹಾಕುತ್ತಿದ್ದೆವು, ಬಿಸಿಲು ಬೀಳದ ಮಗ್ಗುಲಿಗೆ. ಒಮ್ಮೆಯೂ ನೆಲಕ್ಕೆ ಇಡಲಿಲ್ಲ. ಕಾಡು ಹತ್ತಿರವಾದಂತೆ ಇಬ್ಬನಿ ಹೆಚ್ಚಾಯಿತು. ಅಜ್ಜ ತಮ್ಮ ಕಂಬಳಿಯನ್ನು ಅದಕ್ಕೆ ಹೊದಿಸಿ ತಾವು ಧೋತರದಲ್ಲಿ ಮುದುಡಿ ಮಲಗುತ್ತಿದ್ದರು. ಹೆಂಗಸರು ನೋಡುತ್ತಿದ್ದರು. ಕೆಂಪು ರೇಷ್ಮೆ, ನೆಲ ಮುಟ್ಟಿಸದ ಮಡಿ, ಗಂಡ ತನ್ನ ಹೊದಿಕೆ ಬಿಚ್ಚಿ ಹೊದಿಸುವುದು.

"ಏನ ಐತೆವ್ವಾ ಅದರಾಗ?" ಎಂದು ಒಬ್ಬಾಕೆ ಕೇಳಿದಳು. ನಾನು ತಲೆ ತಗ್ಗಿಸಿದೆ. ಉಳವಿಗೆ ಹೊರಟ ಶರಣ ಮಂದಿಯ ನಡುವೆ ಮೀನಿನ ಕೋಲು ಎಂದು ಹೇಗೆ ಹೇಳಲಿ? ಕಣ್ಣಲ್ಲಿ ನೀರು ಬಂತು. ಆಕೆ ನನ್ನ ಬೆನ್ನು ಸವರಿ, "ಕೇಳಬಾರದಿತ್ತವ್ವಾ, ಬಿಡು," ಎಂದು ಎದ್ದು ಹೋದಳು.

ಮರುದಿನ ಬೆಳಗಿನಲ್ಲಿ ಕೆಂಪು ಗವಸಿನ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಸತ್ತ ಮಗನ ಹೆಸರಿನಲ್ಲಿ ಹೊತ್ತ ಹರಕೆಯ ಕೋಲು ಎಂದು ಚಕ್ಕಡಿಯಿಂದ ಚಕ್ಕಡಿಗೆ ಮಾತು ಹೋಗಿತ್ತು. ಹಳಿಯಾಳ ದಾಟಿದ ಮೇಲೆ ಬಿಲ್ವಪತ್ರೆ ಬಂತು, ಕಾಡಿನ ಹೂವು ಬಂತು. ನಗುತ್ತಿದ್ದ ಮುದುಕಪ್ಪ ಚಪ್ಪಲಿ ಬಿಟ್ಟು ಕೈ ಮುಗಿದ. ಎತ್ತಿನ ಮೂತಿಗೆ ಬಡಿದು, "ಏ ಪಾಪಿ, ದೇವರನ್ನ ತಿಂತಿಯೇನ?" ಎಂದ.

ಅಜ್ಜ ದೂರದಿಂದ ನೋಡಿದರು, ತಡೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಹಿತವಾಯಿತು. ನನ್ನ ಮಗನಿಗಾಗಿ ಯಾರೋ ಹೂವು ಏರಿಸುತ್ತಿದ್ದಾರೆ. ಹೂವಿನಿಂದ, ಬೂದಿಯಿಂದ ಕೋಲಿಗೆ ಏನೂ ಆಗುವುದಿಲ್ಲ.

ಕಾಳಿ ಹೊಳೆ ಇನ್ನು ಒಂದು ದಿನದ ನಡಿಗೆ ಎನ್ನುವಾಗ ಒಂದು ಹಳ್ಳದ ದಂಡೆಯಲ್ಲಿ ಬಿಡಾರ ಬಿಟ್ಟಿದ್ದೆವು. ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ದೊಡ್ಡವ್ವ ಹಳ್ಳದಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಎರಡು ತಾಮ್ರದ ತಂಬಿಗೆ ನೀರು ಹಿಡಿದು ಕೋಲು ತೂಗುತ್ತಿದ್ದ ಮರದ ಕಡೆ ಬರುತ್ತಿದ್ದಳು. ಹಿಂದೆ ನಾಲ್ಕೈದು ಹೆಂಗಸರು. ಏನು ಮಾಡುತ್ತಾಳೆ ಎಂದು ನನಗೆ ಹೊಳೆಯುವುದರೊಳಗೆ ಒಂದು ತಂಬಿಗೆಯನ್ನು ಕೆಳಗಿಟ್ಟು, ಇನ್ನೊಂದನ್ನು ಎತ್ತಿ, ಗವಸಿನ ಮೇಲ್ತುದಿಗೆ ಹೊಯ್ದಳು. ಕೂಸಿಗೆ ಎರೆದಂತೆ, ನಿಧಾನವಾಗಿ.

"ನನ್ನ ಮೊಮ್ಮಗನ, ತಂಪಾಗಿರಪಾ," ಎನ್ನುತ್ತಿದ್ದಳು.

ಜೋಳದ ದಂಟಿನ ಒಳಗಿನ ಬೆಂಡು ಎಷ್ಟು ನೀರು ಕುಡಿಯುತ್ತದೆಂದು ಹೊಲದಲ್ಲಿ ಬೆಳೆದ ನನಗೆ ಯಾರೂ ಹೇಳಬೇಕಿರಲಿಲ್ಲ. ಅವಳು ಎರಡನೆಯ ತಂಬಿಗೆಗೆ ಬಗ್ಗಿದಳು. ಜನರ ಮುಂದೆ ಎಂದೂ ದನಿ ಎತ್ತಿದವಳಲ್ಲ ನಾನು. ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಅವಳ ಕೈ ಹಿಡಿದೆ.

"ಬ್ಯಾಡ ದೊಡ್ಡವ್ವಾ! ಅದು ದೇವರಲ್ಲ. ಮೀನ ಹಿಡ್ಯಾ ಕೋಲ ಐತಿ ಅದು!"

ಮುದುಕಪ್ಪ ಹಣೆ ಬಡಿದುಕೊಂಡು, "ಅಯ್ಯ ಶಿವನ, ಗಾಳಕ್ಕ ಕೈ ಮುಗದ್ನೆಲ್ಲೋ ನಾ! ನನ್ನಕಿಂತ ನನ್ನ ಎತ್ತ ಶಾಣ್ಯಾ, ಅದಕ್ಕ ಮೇವ ಅಂತ ಗೊತ್ತಿತ್ತು," ಎಂದ. ಯಾರೋ ನಕ್ಕರು. ಹೆಂಗಸರು ನಗಲಿಲ್ಲ. ಒಬ್ಬಾಕೆ, "ಬಿಲ್ವಪತ್ರಿ ಏರಸೇನಲ್ಲ ಇದಕ್ಕ, ಈ ಕೈ ಎಲ್ಲಿ ತೊಳಕೊಳ್ಳಲಿ?" ಎಂದು ಹಳ್ಳಕ್ಕೆ ಇಳಿದಳು. ದೊಡ್ಡವ್ವ ಅಲ್ಲೇ ಒದ್ದೆ ಸೀರೆಯಲ್ಲಿ ಕುಸಿದು ಕೂತಳು.

"ನನ್ನ ಕೈಲೆ ಯಾಕ ಮಾಡಿಸಿದೆವ್ವಾ ಇದನ್ನ?"

ಅಷ್ಟರಲ್ಲಿ ಅಜ್ಜ ಬಂದರು. ಯಾರನ್ನೂ ನೋಡದೆ ಗವಸು ಇಳಿಸಿ, ಬಿಚ್ಚಿ, ದಂಟುಗಳನ್ನು ಒಂದೊಂದಾಗಿ ತೆಗೆದರು. ಹಿಂಡಿದರೆ ನೀರು ಬರುತ್ತಿತ್ತು. ತುದಿಯ ತುಂಡು ಒಣಗಿತ್ತು, ಹಿಡಿಕೆಯ ತುಂಡೂ ಒಣಗಿತ್ತು. ನಡುವಿನ ತುಂಡಿನ ಒಳಚೀಲ ತೊಯ್ದಿತ್ತು. ತಮ್ಮ ಇನ್ನೊಂದು ಧೋತರವನ್ನು ನೆರಳಲ್ಲಿ ಹಾಸಿ ಮೂರನ್ನೂ ಮಲಗಿಸಿ ಒರೆಸತೊಡಗಿದರು.

ದೊಡ್ಡವ್ವ ಕೂತಲ್ಲಿಂದಲೇ ಕೇಳಿದಳು. "ಮೀನಾ ತಿಂತೀರೇನ್ರಿ ನೀವು?"

"ಇಲ್ಲರಿ. ಹಿಡದ ಬಿಡತೇನಿ."

"ಬಿಡೂದಾದ್ರ ಹಿಡಿಯೂದ ಯಾಕ್ರಿ?"

ಅಜ್ಜ ಒರೆಸುವುದನ್ನು ನಿಲ್ಲಿಸಿದರು. "ಬಿಟ್ಟ ಕೂಡಲೇ ಅದು ಜೀವಂತ ಹೊಳ್ಳಿ ಹೋಗತೈತೆಲ್ಲರಿ. ಅವಗ ಅದನ್ನ ನೋಡೂದ ಅಂದ್ರ ಭಾಳ ಖುಷಿ ಇತ್ತು."

ಅವಗ, ಎಂದರು. ಹೆಸರು ಬರಲಿಲ್ಲ. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಹೋದಳು.

ಹಿರಿಯರು ಸೇರಿ ಮಾತಾಡಿಕೊಂಡರು. ಬೈಯಲಿಲ್ಲ. "ನೀವು ಅದನ್ನ ಆರಿಸಿಕೊಂಡ ಹಿಂದಿಂದ ಬರ್ರಿ," ಎಂದಷ್ಟೇ ಹೇಳಿ ಚಕ್ಕಡಿ ಹೂಡಿದರು. ದೊಡ್ಡವ್ವ ತಿರುಗಿ ನೋಡಲಿಲ್ಲ. ಆದರೆ ಸ್ವಲ್ಪ ದೂರ ಹೋದ ಮೇಲೆ ಮುದುಕಪ್ಪ ಓಡುತ್ತಾ ಬಂದು ರೊಟ್ಟಿ, ಪುಂಡಿಪಲ್ಯದ ಗಂಟನ್ನು ನನ್ನ ಮುಂದೆ ಇಟ್ಟ. "ನಿಮ್ಮ ದೊಡ್ಡವ್ವ ಕೊಟ್ಟಾಳ. ಆದ್ರ ನೀನ ಕೊಟ್ಟಂಗ ಹೇಳು ಅಂತ ನನಗ ಅಂದಾಳ," ಎಂದು ಹೋದ. ಉಳವಿಯಲ್ಲಿ ಅವಳು ಉಪವಾಸ ಮಾಡಿ ಪ್ರಾಯಶ್ಚಿತ್ತ ಮಾಡಿಕೊಂಡಳೆಂದು ಆಮೇಲೆ ಕೇಳಿದೆ. ನನ್ನೊಂದಿಗೆ ಮೊದಲಿನ ಹಾಗೆ ಮಾತಾಡಲು ಅವಳಿಗೆ ಬಹಳ ವರ್ಷ ಹಿಡಿಯಿತು.

ಆ ದಿನವೆಲ್ಲ ನೆರಳು ಸರಿದಂತೆ ಧೋತರ ಸರಿಸುತ್ತಾ ಕೋಲನ್ನು ಕಾದೆವು. ಮರುದಿನ ಕಟ್ಟಿಕೊಂಡು ಇಬ್ಬರೇ ನಡೆದೆವು. ದಂಟು ಇರಲಿಲ್ಲ, ಮೂರು ಒಳಚೀಲಗಳನ್ನು ನನ್ನ ಇನ್ನೊಂದು ಸೀರೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎದೆಗೆ ಅವುಚಿ ನಾನೇ ಹಿಡಿದಿದ್ದೆ. ಅಜ್ಜ ಮುಂದೆ ನಡೆದು ಅಡ್ಡ ಬಂದ ಕೊಂಬೆಗಳನ್ನು ಎತ್ತಿ ಹಿಡಿಯುತ್ತಿದ್ದರು. ಹಾಗೆ ಇಬ್ಬರೂ ಒಂದೇ ಕೆಲಸದಲ್ಲಿ ತೊಡಗಿದ್ದು ಮಗ ಹೋದ ಮೇಲೆ ಅದೇ ಮೊದಲು.

ಹೊತ್ತು ಇಳಿಯುವಾಗ ಕಾಳಿ ಹೊಳೆ ಕಂಡಿತು. ನೀರು ತಿಳಿಯಾಗಿತ್ತು, ಬಂಡೆಗಳ ನಡುವೆ ಹಸಿರಾಗಿ ನಿಂತಿತ್ತು. ಮಡುವಿನಲ್ಲಿ ದೊಡ್ಡ ಮೀನೊಂದು ಮೇಲೆದ್ದು ಹೋದದ್ದನ್ನು ನಾನೇ ಕಂಡೆ. ಅಜ್ಜ ಬಂಡೆಯ ಮೇಲೆ ಕೂತು ಕೋಲು ಜೋಡಿಸಿದರು. ನಡುವಿನ ತುಂಡು ಕೊಳವೆಯೊಳಗೆ ಹೋಗಲು ಮೊಂಡು ಹಿಡಿಯಿತು, ತಿರುವಿ ತಿರುವಿ ಕೂರಿಸಿದರು. ದಾರ ಪೋಣಿಸಿದರು, ನವಿಲುಗರಿಯ ನೊಣ ಕಟ್ಟಿದರು. ಎದ್ದು ನಿಂತು ಹಿಂದಕ್ಕೆ ಬೀಸಿದರು. ದಾರ ಹಾರಿತು. ಮುಂದಕ್ಕೆ ಬೀಸಿದಾಗ, ಒಣ ತೊಗರಿಕಾಯಿ ಸಿಡಿದಂತೆ ಒಂದು ಸಣ್ಣ ಸದ್ದು ಬಂತು. ಅಂಟು ಬಿಟ್ಟು ಸೀಳುಗಳು ತೆರೆದುಕೊಂಡವು. ಬಾಗಿದ ಕೋಲು ನೆಟ್ಟಗಾಗಲಿಲ್ಲ. ದಾರ ಅವರ ಕಾಲ ಹತ್ತಿರವೇ ಸುರುಳಿಯಾಗಿ ಬಿತ್ತು.

ಈಗ ಇವರು ಪೂರಾ ಹೋದರು ಎಂದುಕೊಂಡೆ. ಇದ್ದ ಒಂದು ಆಸರೆಯೂ ಹೋಯಿತು.

ಅವರು ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟು ಕೂತರು. ಬಿಟ್ಟ ಸೀಳುಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಕೂಡಿಸಲು ನೋಡಿದರು. ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತಿತ್ತು. ಒತ್ತುತ್ತಾ ಒತ್ತುತ್ತಾ ಅವರ ಹೆಗಲು ಅಲುಗಾಡತೊಡಗಿತು. ಗಂಡಸು ಹಾಗೆ ದನಿ ತೆಗೆದು ಅಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹತ್ತಿರ ಹೋಗಿ ಕೂತೆ. ಎದುರು ದಂಡೆಯಲ್ಲಿ ದನ ಹೊಡೆದುಕೊಂಡು ಯಾರೋ ಹೋಗುತ್ತಿದ್ದರು. ನಾನು ಸೆರಗು ಸರಿ ಮಾಡಿಕೊಳ್ಳಲೂ ಇಲ್ಲ.

ಅಳು ನಿಂತ ಮೇಲೆ, ಇಷ್ಟು ತಿಂಗಳು ಬಾಗಿಲಲ್ಲಿ ನಿಂತು ನುಂಗಿದ್ದನ್ನು ಕೇಳಿದೆ.

"ಅವನ್ನ ಹೆಂಗ ಕುಂಡ್ರಿಸಿದ್ರಿ?"

ಅವರು ನೀರು ನೋಡುತ್ತಾ ಹೇಳಿದರು. ಒಂದೊಂದಾಗಿ, ತಡೆದು ತಡೆದು. ಅವನ ಹೆಸರು ಹಿಡಿದೇ ಹೇಳಿದರು. ಒಂದು ಬೇವಿನ ಗಿಡ ಇದೆಯಂತೆ, ದೊಡ್ಡದಲ್ಲ. ಕುಣಿಯೊಳಗೆ ತಾವೇ ಇಳಿದರಂತೆ, ಸ್ವಾಮಿಗಳು ಬೇಡ ಎಂದರೂ ಬಿಡಲಿಲ್ಲವಂತೆ. ಗೂಡಿನಲ್ಲಿ ಕೂರಿಸಿದಾಗ ತಲೆ ಒಂದು ಕಡೆ ವಾಲಿತಂತೆ, ನಿದ್ದೆಗಣ್ಣಿನಲ್ಲಿ ಹೆಗಲ ಮೇಲೆ ವಾಲುತ್ತಿದ್ದ ಹಾಗೆಯೇ. ವಿಭೂತಿ ಗಟ್ಟಿಗಳನ್ನು ಎರಡೂ ಬದಿಗೆ ಒತ್ತಿಟ್ಟು ನೆಟ್ಟಗೆ ಕೂರಿಸಿದರಂತೆ.

"ಥಂಡಿ ಇತ್ತೇನ್ರಿ ಒಳಗ?"

"ಇಲ್ಲ. ಮ್ಯಾಲ ಹಸಿ ಇತ್ತು, ಮಳಿ ಬಂದಿತ್ತಲ್ಲ. ಕೆಳಗ ಮಣ್ಣು ಬೆಚ್ಚಗಿತ್ತು. ನಾ ಕೈ ಇಟ್ಟ ನೋಡೇನಿ."

ಬಿಸಿಲು ಹೊಳೆಯಿಂದ ಮೇಲೆದ್ದು ಮರಗಳ ತುದಿಗೆ ಹೋಗುವವರೆಗೆ ಕೂತಿದ್ದೆವು. ದೊಡ್ಡವ್ವ ಕೊಟ್ಟ ಗಂಟು ಬಿಚ್ಚಿದೆ. ಅಜ್ಜ ಎರಡು ರೊಟ್ಟಿ ತಿಂದರು.